ಯಾರೂ ಮಾತಾಡದ ಹತ್ತು ಪುಟ

ನಾನು ಕೆಲಸ ಮಾಡುವ ಕಂಪೆನಿಯ ಕಟ್ಟಡವನ್ನು ನಾನು ಇನ್ನೂ ನೋಡಿಲ್ಲ. ಫೋಟೋದಲ್ಲಿ ನೋಡಿದ್ದೇನೆ. ಗಾಜಿನ ಕಟ್ಟಡ, ಎದುರಿಗೆ ಕತ್ತರಿಸಿದ ಹುಲ್ಲು. ನಾನು ಸೇರಿದ್ದು ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದ ಕಾಲದಲ್ಲಿ. ಲ್ಯಾಪ್‌ಟಾಪು, ಗುರುತಿನ ಕಾರ್ಡು, ಕಂಪೆನಿಯ ಹೆಸರು ಹಾಕಿದ ಒಂದು ನೀರಿನ ಬಾಟ್ಲಿ ಎಲ್ಲ ಕೊರಿಯರಿನಲ್ಲಿ ಕಡಬಕ್ಕೆ ಬಂತು. ಅಪ್ಪ ಅದನ್ನು ಸರ್ವಿಸ್ ಜೀಪಿನಲ್ಲಿ ಜನರ ಕಾಲಡಿಗೆ ಸಿಗದ ಹಾಗೆ ತನ್ನ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡು ತಂದರು. ಜೀಪು ಅಪ್ಪನದ್ದಲ್ಲ, ಓಡಿಸುವುದು ಮಾತ್ರ ಅಪ್ಪ. ಪಂಜಕ್ಕೂ ಕಡಬಕ್ಕೂ ನಡುವೆ ಆ ಜೀಪಿನಲ್ಲಿ ಕೂರದವರು ನಮ್ಮ ಕಡೆ ಕಡಿಮೆ. ಹಾಗಾಗಿ ಆ ದಿನ ಪೆಟ್ಟಿಗೆ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ್ದು ನಾನೇ ಮೊದಲು. ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ ಇಲ್ಲ. ಅಮ್ಮ ಬೀಡಿ ಕಟ್ಟಿ, ಅಪ್ಪ ಬೇರೆಯವರ ಜೀಪು ಓಡಿಸಿ ನನ್ನನ್ನು ಓದಿಸಿದರು. ಕನ್ನಡ ಮೀಡಿಯಂ ಶಾಲೆಯಿಂದ ಡಿಪ್ಲೊಮಾ, ಡಿಪ್ಲೊಮಾದಿಂದ ಸುಳ್ಯದಲ್ಲಿ ಇಂಜಿನಿಯರಿಂಗು. ಮೊದಲ ವರ್ಷ ಕ್ಲಾಸಿನಲ್ಲಿ ಇಂಗ್ಲಿಷು ಅರ್ಥವಾಗದೆ ಬಸ್ಸಿನಲ್ಲಿ ಅತ್ತದ್ದುಂಟು. ಆಮೇಲೆ ಅರ್ಥವಾಯಿತು. ಯಾರೂ ಅರ್ಥ ಮಾಡಿಸಿದ್ದಲ್ಲ, ನಾನೇ ಮಾಡಿಕೊಂಡದ್ದು.

ಊರಿನ ಮನೆಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಇತ್ತು, ಆದರೆ ರಬ್ಬರ್ ತೋಟದ ಗುಡ್ಡದ ಮೇಲೆ ಇತ್ತು. ಮಳೆಗಾಲದಲ್ಲಿ ಕೊಡೆ ಹಿಡಿದು ಮೀಟಿಂಗಿಗೆ ಕೂರಲು ಆಗುವುದಿಲ್ಲವಲ್ಲ. ಹಾಗೆ ಪುತ್ತೂರಿನಲ್ಲಿ ಒಂದು ಮಾಳಿಗೆಯ ರೂಮು ಹಿಡಿದೆ. ಕೆಳಗೆ ಹಿಟ್ಟಿನ ಗಿರಣಿ. ಗಿರಣಿ ಶುರುವಾದರೆ ನಾನು ಮೈಕು ಮುಚ್ಚುತ್ತೇನೆ. ಒಮ್ಮೆ ಮುಚ್ಚಲು ಮರೆತಾಗ, ನೀನು ವಿಮಾನ ನಿಲ್ದಾಣದ ಹತ್ತಿರ ಇದ್ದೀಯಾ ಎಂದು ಟೀಮಿನವನೊಬ್ಬ ಕೇಳಿದ್ದ. ಮೆಣಸಿನ ಹುಡಿ ಮಾಡುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿತ್ತು.

ಟೀಮಿನಲ್ಲಿ ನಾವು ಒಂಬತ್ತು ಜನ. ನಾಲ್ಕು ಊರುಗಳಲ್ಲಿ ಇದ್ದೇವೆ, ಇಬ್ಬರು ಬೇರೆ ದೇಶದಲ್ಲಿ. ಬೇರೆ ಟೀಮುಗಳನ್ನು ಆಫೀಸಿಗೆ ಕರೆದಾಗಲೂ ನಮ್ಮನ್ನು ಕರೆಯಲಿಲ್ಲ, ಕರೆದರೆ ಯಾವ ಊರಿಗೆ ಎಂದು ಅವರಿಗೇ ಗೊತ್ತಿರಲಿಲ್ಲ. ಉಳಿದ ಎಂಟು ಜನ ನನಗೆ ಪರದೆಯಲ್ಲಿ ಎದೆಯವರೆಗೆ ಮಾತ್ರ ಗೊತ್ತು. ಯಾರು ಎತ್ತರ, ಯಾರು ಕುಳ್ಳು, ಯಾರು ಹೇಗೆ ನಡೆಯುತ್ತಾರೆ ಎಂದು ಗೊತ್ತಿಲ್ಲ. ನಮ್ಮ ಮ್ಯಾನೇಜರು ತಮಿಳಿನವರು, ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಅವರನ್ನು ಹೆಸರು ಹಿಡಿದು ಕರೆಯಬೇಕು, ಸರ್ ಅನ್ನುವ ಹಾಗಿಲ್ಲ. ನನ್ನ ಬಾಯಿಗೆ ಅದು ಬರುವುದೇ ಇಲ್ಲ. ಇಷ್ಟು ವರ್ಷಗಳಲ್ಲಿ ನಾನು ಅವರನ್ನು ಏನೆಂದೂ ಕರೆದಿಲ್ಲ, ಹಾಯ್ ಎಂದು ಶುರುಮಾಡಿ ನೇರ ವಿಷಯಕ್ಕೆ ಹೋಗುತ್ತೇನೆ.

ಆಗಾಗ ಟೀಮಿನ ಊಟ ಅಂತ ಒಂದು ಇರುತ್ತದೆ. ಎಲ್ಲರೂ ಅವರವರ ಊರಿನಲ್ಲಿ ಕಂಪೆನಿಯ ಲೆಕ್ಕದಲ್ಲಿ ಹೊಟೇಲಿನಿಂದ ತರಿಸಿ, ಕ್ಯಾಮೆರಾ ಎದುರು ಕೂತು ಒಟ್ಟಿಗೆ ಉಣ್ಣುವುದು. ಅವರು ಹೇಳಿದ ಆ್ಯಪು ನನ್ನ ಓಣಿಗೆ ತಂದುಕೊಡುವುದಿಲ್ಲ. ಮೊದಲ ಸಲ ನಾನು ಬೆಳಿಗ್ಗೆಯ ಗಂಜಿ, ಹುರುಳಿ ಚಟ್ನಿ ಇಟ್ಟುಕೊಂಡು ಕೂತೆ. ಏನು ತರಿಸಿದಿ ಎಂದು ಕೇಳಿದರು. ಗಂಜಿ ಅಂದೆ. ಅದೊಂದು ಹೊಸ ಹೊಟೇಲೆಂದು ತಿಳಿದು ಒಬ್ಬಳು ಹೆಸರು ಬರೆದುಕೊಂಡಳು. ನಾನು ನಕ್ಕೆ. ಅಷ್ಟರಲ್ಲಿ ಮೈಕು ಮುಚ್ಚಿದ್ದೆ, ನಗು ನನಗೇ ಕೇಳಿತು.

ಊರಿನವರಿಗೂ ನನ್ನ ಕೆಲಸ ಅರ್ಥವಾಗುವುದು ಇದೇ ರೀತಿ. ಇಂಜಿನಿಯರ್ ಅಂದರೆ ರಸ್ತೆಯದ್ದಾ, ಕರೆಂಟಿನದ್ದಾ ಎಂದು ಕೇಳುತ್ತಾರೆ. ಎರಡೂ ಅಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ರೂಮಿನ ಮಾಲಕಿ ಮೊದಲ ಮೂರು ತಿಂಗಳು ನನಗೆ ಕೆಲಸವೇ ಇಲ್ಲವೆಂದು ತಿಳಿದು, ಪೇಟೆಯ ಸೀರೆ ಅಂಗಡಿಯಲ್ಲಿ ಹುಡುಗಿಯರು ಬೇಕಂತೆ, ಹೇಳಲಾ ಎಂದು ವಿಚಾರಿಸಿದ್ದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ.

ನನ್ನ ಕೆಲಸ ಏನು ಎಂದು ಇಲ್ಲಿ ಹೇಳಿಬಿಡುತ್ತೇನೆ. ನೀವು ಫೋನಿನಲ್ಲಿ ಒಂದು ಸಾಮಾನು ಬೇಕೆಂದು ಒತ್ತುತ್ತೀರಿ. ಆ ಒತ್ತಿದ್ದು ನಮ್ಮ ಕಂಪ್ಯೂಟರುಗಳಿಗೆ ಬರುತ್ತದೆ. ಆಯಿತು ಎಂಬ ಉತ್ತರ ನಿಮ್ಮ ಫೋನಿಗೆ ಮುಟ್ಟದಿದ್ದರೆ ಫೋನು ತಾನಾಗಿಯೇ ಇನ್ನೊಮ್ಮೆ ಕೇಳುತ್ತದೆ. ಇದು ಮೊದಲೇ ಕೇಳಿದ್ದಾ, ಹೊಸದಾ ಎಂದು ಗುರುತಿಸುವುದು ನಮ್ಮ ಟೀಮಿನ ಕೆಲಸ. ಪಟ್ಟಣದಲ್ಲಿ ನೆಟ್‌ವರ್ಕ್ ಹೋದರೆ ಕ್ಷಣದಲ್ಲಿ ಬರುತ್ತದೆ. ಅದಕ್ಕೆ ನಮ್ಮ ಕಂಪ್ಯೂಟರು ಕೇಳಿದ್ದನ್ನು ಸ್ವಲ್ಪ ಹೊತ್ತು ಮಾತ್ರ ನೆನಪಿಡುತ್ತಿತ್ತು, ಆಮೇಲೆ ಮರೆತುಬಿಡುತ್ತಿತ್ತು. ನಮ್ಮ ಊರಿನಂಥ ಕಡೆ ಹಾಗಲ್ಲ. ಗುಡ್ಡದ ಮೇಲೆ ಒತ್ತಿ ಮನೆಗೆ ಇಳಿದರೆ ನೆಟ್‌ವರ್ಕ್ ಸಿಗುವುದು ಮಾರನೆಯ ದಿನ. ಅಷ್ಟರಲ್ಲಿ ನಮ್ಮ ಕಂಪ್ಯೂಟರು ಮರೆತಿರುತ್ತದೆ. ಫೋನು ಮತ್ತೆ ಕೇಳುತ್ತದೆ, ಅದು ಹೊಸದೆಂದು ತಿಳಿದು ಇನ್ನೊಂದು ಸಾಮಾನು ಕಳಿಸುತ್ತದೆ.

ಇದು ನನಗೆ ಗೊತ್ತಾದದ್ದು ಅಪ್ಪನಿಂದ. ಅವರು ಜೀಪಿಗೆ ನಮ್ಮ ಕಂಪೆನಿಯಿಂದಲೇ ಒಂದು ಬದಿಯ ಕನ್ನಡಿ ತರಿಸಿದ್ದರು, ಎರಡು ಬಂತು. ಎರಡೂ ಎಡಗಡೆಯದ್ದು. ನಿಮ್ಮ ಕಂಪೆನಿಯವರು ಧಾರಾಳಿಗಳು ಮಾರಾಯ್ತಿ ಎಂದು ಅಪ್ಪ ವಾರವಿಡೀ ನನ್ನನ್ನು ತಮಾಷೆ ಮಾಡಿದರು.

ನಮ್ಮ ಕಂಪೆನಿಯಲ್ಲಿ ಏನಾದರೂ ದೊಡ್ಡದು ಬದಲಾಯಿಸಬೇಕಾದರೆ ಮೊದಲು ಬರೆಯಬೇಕು. ಏನು ತೊಂದರೆ, ಏನು ಮಾಡಬೇಕು, ಹೇಗೆ ಮಾಡಬೇಕು. ಬರೆದದ್ದನ್ನು ಎಲ್ಲರೂ ಓದುವ ಕಡೆ ಹಾಕಬೇಕು. ಇಂಥ ದಿನದೊಳಗೆ ನೋಡಿ ಎಂದು ಒಂದು ಗಡುವು ಕೊಡಬೇಕು. ಓದಿದವರು ಬದಿಯಲ್ಲಿ ತಮ್ಮ ಮಾತು ಬರೆಯುತ್ತಾರೆ. ಮೂರು ವರ್ಷ ನಾನು ಬೇರೆಯವರು ಬರೆದದ್ದನ್ನೇ ಕಟ್ಟುತ್ತಿದ್ದೆ, ಬೇರೆಯವರು ಕಟ್ಟಿದ್ದರಲ್ಲಿ ಸೋರಿದ್ದನ್ನು ಮುಚ್ಚುತ್ತಿದ್ದೆ. ನನ್ನದು ಎಂದು ಒಂದೂ ಇರಲಿಲ್ಲ. ನನಗೆ ಒಂದು ಬೇಕಿತ್ತು. ಮೊದಲ ಪುಟದ ಮೇಲೆ ನನ್ನ ಹೆಸರಿದ್ದು, ಕೊನೆಗೆ ಅದು ನಿಜವಾಗಿ ಓಡಬೇಕು. ಅಷ್ಟೇ ಆಸೆ, ಆದರೆ ಅದರ ಮೇಲೆ ನನ್ನ ಜೀವವೇ ಇತ್ತು ಅಂದರೂ ತಪ್ಪಲ್ಲ.

ಬರೆಯಲು ಒಂದು ತಿಂಗಳು ಹಿಡಿಯಿತು. ಫೋನೇ ಪ್ರತಿಯೊಂದು ಕೇಳಿಕೆಗೂ ಒಂದು ಗುರುತು ಹಾಕಿ ಕಳಿಸಬೇಕು, ನಾವು ಆ ಗುರುತನ್ನು ದಿನಗಟ್ಟಲೆ ಇಟ್ಟುಕೊಳ್ಳಬೇಕು, ಇಷ್ಟೇ ಅದರ ಸಾರ. ಆದರೆ ಇಷ್ಟನ್ನು ಹೇಳಲು ಹತ್ತು ಪುಟ ಬೇಕಾಯಿತು. ಒಂದೊಂದು ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಮನಸ್ಸಿನೊಳಗೆ ಹೇಳಿ, ಆಮೇಲೆ ಇಂಗ್ಲಿಷಿಗೆ ಇಳಿಸಿದೆ. ಗಿರಣಿ ನಿಂತ ಹೊತ್ತಿನಲ್ಲಿ ಜೋರಾಗಿ ಓದಿ ನೋಡಿದೆ. ಒಂದು ಸೋಮವಾರ ಬೆಳಿಗ್ಗೆ ಹಾಕಿದೆ. ಮುಂದಿನ ವಾರದ ಶುಕ್ರವಾರದ ಗಡುವು ಕೊಟ್ಟೆ.

ಮೊದಲ ದಿನ ಯಾರೂ ಏನೂ ಬರೆಯಲಿಲ್ಲ. ಎರಡನೆಯ ದಿನವೂ ಇಲ್ಲ. ಯಾರು ಯಾರು ತೆರೆದು ನೋಡಿದ್ದಾರೆ ಎಂದು ಮೇಲೆ ಮೂಲೆಯಲ್ಲಿ ಸಣ್ಣ ಸಣ್ಣ ಮುಖಗಳು ಕಾಣುತ್ತವೆ. ಎಂಟೂ ಮುಖ ಬಂತು. ನೋಡಿದ್ದಾರೆ, ಓದಿದ್ದಾರೆ, ಹೋಗಿದ್ದಾರೆ. ಬೇರೆಯವರ ಬರಹದ ಬದಿಯಲ್ಲಿ ಜಗಳವೇ ನಡೆಯುತ್ತಿತ್ತು. ಇದು ಯಾಕೆ, ಅದು ಯಾಕಲ್ಲ ಎಂದು ಒಬ್ಬರಿಗೊಬ್ಬರು ಬಿಡುತ್ತಿರಲಿಲ್ಲ. ನನ್ನ ಹತ್ತು ಪುಟದ ಬದಿ ಮಾತ್ರ ಬೆಳ್ಳಗೆ ಇತ್ತು. ಮೀಟಿಂಗಿನಲ್ಲಿ ಹವಾಮಾನ ಮಾತಾಡಿದರು, ಕ್ರಿಕೆಟ್ ಮಾತಾಡಿದರು, ಅದರ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ.

ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ನಾನು ಅದರೊಳಗೇ ಬೆಳೆದವಳು. ಹಿಂದೊಮ್ಮೆ ಈಶ್ವರಮಂಗಲದಿಂದ ಒಂದು ಮನೆಯವರು ನನ್ನನ್ನು ನೋಡಲು ಬಂದಿದ್ದರು. ಏಳು ಜನ. ಚಾ ಕುಡಿದರು, ಅಮ್ಮ ಮಾಡಿದ ನೀರುದೋಸೆ ಇನ್ನೆರಡು ಹಾಕಿಸಿಕೊಂಡರು, ಹುಡುಗನ ಅತ್ತೆ ನನ್ನ ಕೆಲಸದ ಬಗ್ಗೆ ಕೇಳಿದರು. ಹೊರಡುವಾಗ, ತಿಳಿಸ್ತೇವೆ ಆಯ್ತಾ ಅಂದರು. ತಿಳಿಸಲಿಲ್ಲ. ಅದೇ ಉತ್ತರ. ನಮ್ಮಲ್ಲಿ ಬೇಡ ಎಂದು ಮುಖಕ್ಕೆ ಹೇಳುವುದು ಕ್ರಮವಲ್ಲ. ಹೌದಾದರೆ ಮೂರನೆಯ ದಿನಕ್ಕೆ ಫೋನು ಬರುತ್ತದೆ. ಬಾರದಿದ್ದರೆ ಹೆಣ್ಣಿನ ಕಡೆಯವರು ಕೇಳಲು ಹೋಗುವುದಿಲ್ಲ. ಕೇಳಿದರೆ ಅವರಿಗೂ ಕಸಿವಿಸಿ, ನಮಗೂ ಮರ್ಯಾದೆ ಕಡಿಮೆ. ಸುಮ್ಮನೆ ಆ ಮಾತನ್ನು ಬಿಟ್ಟುಬಿಡುತ್ತೇವೆ. ಆಮೇಲೆ ಯಾವುದಾದರೂ ಮದುವೆಯಲ್ಲಿ ಎದುರಾದರೆ ಎರಡು ಕಡೆಯವರೂ ನಗುತ್ತಾರೆ, ಏನೂ ಆಗಿಲ್ಲ ಎನ್ನುವ ಹಾಗೆ.

ಹಾಗೆಯೇ ನಾನೂ ಬಿಟ್ಟೆ. ಗಡುವಿನ ಹಿಂದಿನ ದಿನ, ಗುರುವಾರ, ಮಧ್ಯಾಹ್ನ ಊಟವಾದ ಮೇಲೆ ಹತ್ತು ಪುಟದ ತಲೆಯ ಮೇಲೆ ಹಿಂದಕ್ಕೆ ಪಡೆಯಲಾಗಿದೆ ಎಂದು ಹಾಕಿದೆ. ಅವರಿಗೆ ಬೇಡ ಎಂದು ಹೇಳುವ ಕಷ್ಟ ತಪ್ಪಲಿ ಎಂದೇ ಹಾಗೆ ಮಾಡಿದ್ದು. ಮರ್ಯಾದಸ್ತರು ಮಾಡುವುದು ಹಾಗೆಯೇ ಎಂದುಕೊಂಡೆ. ಅದಕ್ಕೂ ಯಾರೂ ಏನೂ ಹೇಳಲಿಲ್ಲ.

ಆಮೇಲಿನ ದಿನಗಳನ್ನು ಬರೆಯಲು ಹೆಚ್ಚೇನೂ ಇಲ್ಲ. ಏಳುತ್ತಿದ್ದೆ, ಲ್ಯಾಪ್‌ಟಾಪು ತೆರೆಯುತ್ತಿದ್ದೆ, ಕೊಟ್ಟದ್ದನ್ನು ಮಾಡುತ್ತಿದ್ದೆ. ಕ್ಯಾಮೆರಾ ಹಾಕುವುದು ಬಿಟ್ಟೆ. ಕೆಲವು ದಿನ ಸಂಜೆ ಚಪ್ಪಲಿ ಹಾಕಿಕೊಂಡು ಕೆಳಗೆ ಇಳಿದಾಗ, ಬೆಳಿಗ್ಗೆಯಿಂದ ನನ್ನ ಬಾಯಿಂದ ಹೊರಟ ಮಾತೆಂದರೆ ಮೀಟಿಂಗಿನ ಗುಡ್ ಮಾರ್ನಿಂಗ್, ಬಾಯ್ ಎರಡೇ ಎಂದು ಗೊತ್ತಾಗುತ್ತಿತ್ತು. ಪೇಟೆಯಲ್ಲಿ ಬೇಕಿಲ್ಲದಿದ್ದರೂ ಬಸಳೆ ಸೊಪ್ಪಿನ ಕ್ರಯ ಕೇಳುತ್ತಿದ್ದೆ. ಸುಳ್ಯದಲ್ಲಿ ಜೊತೆಗೆ ಓದಿದವಳೊಬ್ಬಳು ಸಂಪಾಜೆಗೆ ಮದುವೆಯಾಗಿ ಹೋಗಿದ್ದಳು. ಒಂದು ದಿನ ಅವಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಬೇಕೆಂದು ಹೊರಟೆ. ಅವಳ ಮಗು ಅಳುತ್ತಿತ್ತು. ನಿನಗೆಂತ ಮಾರಾಯ್ತಿ, ಫ್ಯಾನಿನಡಿ ಕೂತು ಕೆಲಸ ಅಂದಳು. ಹೌದು ಅಂದೆ.

ಸುಮಾರು ಎರಡು ತಿಂಗಳ ಮೇಲೆ, ಮ್ಯಾನೇಜರು ಪ್ರತಿಯೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡುವ ದಿನ ಬಂತು. ಮುಂದಿನ ಮೂರು ತಿಂಗಳಿನ ಕೆಲಸ ಹಂಚುವ ಮೊದಲು ಹಾಗೆ ಮಾತಾಡುತ್ತಾರೆ. ಎಲ್ಲ ಮುಗಿದು, ಇನ್ನೇನಾದರೂ ಉಂಟಾ ಎಂದು ಕೇಳುವ ಹೊತ್ತಿಗೆ ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು:

"ಆ ಬರಹ ಯಾಕೆ ವಾಪಸ್ ತೆಗೊಂಡೆ? ಅದರಲ್ಲಿ ಏನು ತಪ್ಪು ಸಿಕ್ಕಿತು ನಿನಗೆ?"

ತಪ್ಪು ಸಿಗಲಿಲ್ಲ, ಯಾರೂ ಏನೂ ಹೇಳಲಿಲ್ಲವಲ್ಲ ಎಂದೆ.

ಅವರಿಗೆ ನನ್ನ ಉತ್ತರ ಅರ್ಥವಾಗಲಿಲ್ಲ. ಹೇಳಲು ಏನೂ ಇರಲಿಲ್ಲ, ಚೆನ್ನಾಗಿತ್ತು, ಅದಕ್ಕೇ ಹೇಳಲಿಲ್ಲ ಅಂದರು. ಗಡುವು ಮುಗಿಯುವವರೆಗೆ ಯಾರೂ ತಕರಾರು ಎತ್ತದಿದ್ದರೆ ಒಪ್ಪಿದ ಹಾಗೆ, ನಮ್ಮಲ್ಲಿ ಮೊದಲಿನಿಂದಲೂ ಅದೇ ಕ್ರಮ ಅಂದರು. ಶುಕ್ರವಾರ ಸಂಜೆ ಒಪ್ಪಿಗೆ ಎಂದು ಹಾಕಲು ಹೊರಟಿದ್ದರಂತೆ. ಗುರುವಾರವೇ ನಾನು ತೆಗೆದದ್ದನ್ನು ನೋಡಿ, ಇವಳಿಗೇ ಏನೋ ದೊಡ್ಡ ದೋಷ ಕಂಡಿರಬೇಕು, ಕೇಳಿ ನಾಚಿಕೆ ಮಾಡುವುದು ಬೇಡ ಎಂದು ಸುಮ್ಮನಾದರಂತೆ. ಟೀಮಿನ ಎಲ್ಲರೂ ಹಾಗೆಯೇ ಅಂದುಕೊಂಡಿದ್ದರಂತೆ. ಅದಕ್ಕೆಂದು ನನ್ನ ಜೊತೆ ಇಟ್ಟಿದ್ದ ಇಬ್ಬರಿಗೆ ಈಗ ಬೇರೊಂದು ಕೆಲಸ ಬಂದಿತ್ತು. ಹಂಚುವ ಮೀಟಿಂಗು ಮಂಗಳವಾರ, ನಿನಗೆ ಬೇಕಿದ್ದರೆ ಅಲ್ಲಿ ಎಲ್ಲರೆದುರು ಕೇಳು, ನಾನು ಒಬ್ಬನೇ ಬದಲಾಯಿಸುವ ಹಾಗಿಲ್ಲ ಎಂದು ಹೇಳಿ ಅವರು ಹೋದರು.

ಆ ಶನಿವಾರ ಕಾಣಿಯೂರು ದಾರಿಯ ಬಸ್ಸು ಹಿಡಿದು ಮನೆಗೆ ಹೋದೆ. ಅಮ್ಮ ಜಗಲಿಯಲ್ಲಿ ಕಾಲು ಚಾಚಿ, ಬೀಡಿ ಕಟ್ಟುವ ಮೊರ, ತಡ್ಪೆಯನ್ನು ಮಡಿಲಲ್ಲಿಟ್ಟು ಬೀಡಿ ಎಲೆ ಕತ್ತರಿಸುತ್ತಿದ್ದರು. ಎದುರು ಕೂತು ಎಲ್ಲ ಹೇಳಿದೆ. ಗುರುತಿನದ್ದು, ಕಂಪ್ಯೂಟರಿನದ್ದು ಮಾತ್ರ ಹೇಳಲಿಲ್ಲ. ಒಂದು ಕೆಲಸ ಕೇಳಿದೆ, ಯಾರೂ ಉತ್ತರ ಕೊಡಲಿಲ್ಲ, ಬೇಡವೆಂದು ತಿಳಿದು ಬಿಟ್ಟೆ, ಈಗ ನೋಡಿದರೆ ಕೊಟ್ಟಾಗಿತ್ತಂತೆ ಎಂದೆ. ಈಗ ವಾಪಸ್ ಕೇಳಲಾ ಬೇಡವಾ?

ಅಮ್ಮನ ಕತ್ತರಿ ನಿಲ್ಲಲಿಲ್ಲ.

"ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಾದ್ರೆ ಬೇಡದ್ದನ್ನು ಎದುರೇ ಬಿಸಾಡ್ತಾರೆ," ಅಂದರು. "ಬೇಕಾದ್ದನ್ನು ಲೆಕ್ಕಕ್ಕೆ ಹಿಡೀತಾರೆ. ನಿಮ್ಮದೆಂತ ಕಂಪೆನಿ, ಬಾಯೇ ಇಲ್ಲದ್ದು."

ಅವರಿಗೆ ಅದೇ ಕ್ರಮ ಅಂತೆ ಎಂದೆ.

"ಹಾಗಾದ್ರೆ ಬಿಡು. ನೀನೇ ಬೇಡ ಅಂದದ್ದನ್ನು ನೀನೇ ಹೋಗಿ ಕೇಳುದು ಚಂದ ಅಲ್ಲ. ಬಿಟ್ಟವಳೇ ಬಂದಳು ಅಂತ ನಗುದಿಲ್ವಾ ಅವ್ರು?"

ಅಮ್ಮ ಹೇಳಿದ್ದು ತಪ್ಪೆಂದು ಅನಿಸಲಿಲ್ಲ. ನಾನಾಗಿದ್ದರೂ ಇನ್ನೊಬ್ಬಳಿಗೆ ಅದನ್ನೇ ಹೇಳುತ್ತಿದ್ದೆ. ಆದರೆ ಅಮ್ಮನ ಕಣ್ಣೆದುರು ಬಾಗಿಲಿನಲ್ಲಿ ನಿಂತು ತಿಳಿಸ್ತೇವೆ ಅನ್ನುವ ಏಳು ಜನ ಇದ್ದರು. ನನ್ನೆದುರು ಇದ್ದವರು ಹಾಗಿರಲಿಲ್ಲ. ನನ್ನವರು ಹೌದು ಅಂದಿದ್ದರು, ಅವರ ಕ್ರಮದಲ್ಲಿ, ನನಗೆ ಕೇಳಿಸದ ಹಾಗೆ. ಈ ವ್ಯತ್ಯಾಸವನ್ನು ಅಮ್ಮನಿಗೆ ಹೇಳುವ ಮಾತು ನನ್ನಲ್ಲಿರಲಿಲ್ಲ. ಕಂಪೆನಿಯವರಿಗೆ ಅಮ್ಮನ ಮಾತು ಹೇಳುವ ದಾರಿಯೂ ಇರಲಿಲ್ಲ. ಎರಡು ಕಡೆಯ ಕ್ರಮವೂ ಗೊತ್ತಿರುವವಳು ನಾನೊಬ್ಬಳೇ, ಕೇಳಲು ಮೂರನೆಯವರಿಲ್ಲ. ಅಷ್ಟು ಒಂಟಿತನ ನನಗೆ ಪುತ್ತೂರಿನ ರೂಮಿನಲ್ಲಿ ಒಬ್ಬಳೇ ಇರುವಾಗಲೂ ಆಗಿರಲಿಲ್ಲ. ಜಗಲಿಯಲ್ಲಿ, ಅಮ್ಮನ ಎದುರು ಕೂತಾಗ ಆಯಿತು.

ಮಂಗಳವಾರ ಬೆಳಿಗ್ಗೆ ಗಿರಣಿಯವರ ಹತ್ತಿರ ಹೋಗಿ, ಹನ್ನೊಂದರಿಂದ ಹನ್ನೆರಡರವರೆಗೆ ಒಂಚೂರು ನಿಲ್ಲಿಸಬಹುದಾ ಎಂದು ಕೇಳಿದೆ. ಎಂತಕ್ಕೆ ಎಂದು ಕೇಳಿದರು. ಮಾತಾಡ್ಲಿಕ್ಕುಂಟು ಅಂದೆ. ಸಂಬಂಧದ ವಿಷಯವೋ ಏನೋ ಎಂದುಕೊಂಡಿರಬೇಕು, ನಗುತ್ತಾ ಒಪ್ಪಿದರು. ಹಾಗೆ ನೋಡಿದರೆ ಆ ವಾರ ಕೇಳಿ ಪಡೆದ ಮೊದಲನೆಯದು ಅದು.

ಮೀಟಿಂಗಿನಲ್ಲಿ ಕ್ಯಾಮೆರಾ ಹಾಕಿದೆ. ಬಹಳ ದಿನದ ಮೇಲೆ ನನ್ನ ಮುಖವನ್ನು ಆ ಚೌಕದಲ್ಲಿ ನೋಡಿದೆ, ಬೇರೆ ಯಾರದೋ ಹಾಗೆ ಇತ್ತು. ಒಂದೊಂದೇ ಕೆಲಸ ಓದುತ್ತಾ ಹೋದರು. ಯಾರಿಗೆ, ಎಷ್ಟು ದಿನ ಎಂದು ಹಂಚುತ್ತಾ ಹೋದರು. ಕೊನೆಗೆ, ಇಷ್ಟೇ ಅಲ್ವಾ ಅಂದಾಗ ಮೈಕು ತೆರೆದೆ. ನಾನು ವಾಪಸ್ ತೆಗೆದ ಬರಹ ಉಂಟಲ್ಲ, ಅದರಲ್ಲಿ ದೋಷ ಏನೂ ಇಲ್ಲ ಎಂದೆ. ನೀವು ಸುಮ್ಮನಿದ್ದದ್ದನ್ನು ಬೇಡ ಎಂದು ತಿಳಿದೆ, ನನ್ನ ಊರಿನಲ್ಲಿ ಅದರ ಅರ್ಥ ಹಾಗೆ ಎಂದೆ. ಆ ಕೆಲಸ ಆಗಬೇಕು, ನಾನೇ ಮಾಡಬೇಕು ಎಂದೆ. ಇಂಗ್ಲಿಷು ಎರಡು ಕಡೆ ತಪ್ಪಿತು, ತಿದ್ದಲು ಹೋಗಲಿಲ್ಲ.

ಯಾರೂ ಮಾತಾಡಲಿಲ್ಲ. ಒಬ್ಬ ಬೇರೆಲ್ಲೋ ನೋಡುತ್ತಿದ್ದ. ಒಬ್ಬಳು ನೀರು ಕುಡಿದಳು. ಮ್ಯಾನೇಜರು ಏನೋ ಟೈಪ್ ಮಾಡುತ್ತಿದ್ದರು. ಎಂಟು ಚೌಕ, ಎಂಟು ಮುಖ, ಒಂದು ಶಬ್ದ ಇಲ್ಲ. ಇದು ಅವರ ಹೌದೋ, ನಮ್ಮ ಕಡೆಯ ಬೇಡವೋ? ಒಂದು ಸಲ ಮೋಸ ಹೋದವಳಿಗೆ ಇನ್ನೊಮ್ಮೆ ಕಾಯುವ ತಾಳ್ಮೆ ಇರಲಿಲ್ಲ.

"ದಯವಿಟ್ಟು ಬಾಯಿಬಿಟ್ಟು ಹೇಳಿ," ಅಂದೆ. "ಹೌದಾ, ಅಲ್ಲವಾ?"

ಆಗ ಬೇರೆ ದೇಶದಲ್ಲಿರುವ ಒಬ್ಬಾತ, ನನ್ನ ಜೊತೆ ಆವರೆಗೆ ಹತ್ತು ಮಾತೂ ಆಡದವನು, ಹೌದು ಅಂದ. ನನ್ನದೂ ಹೌದು ಎಂದು ನೀರು ಕುಡಿದವಳು ಅಂದಳು. ಹೀಗೆ ಒಬ್ಬೊಬ್ಬರೇ, ಹಾಜರಿ ಕರೆದ ಹಾಗೆ, ಸ್ವಲ್ಪ ನಗುತ್ತಾ, ಸ್ವಲ್ಪ ಮುಜುಗರದಿಂದ ಹೇಳಿದರು. ಮ್ಯಾನೇಜರು ಕೊನೆಯಲ್ಲಿ ಹೇಳಿದರು. ಹೌದು, ಆದರೆ ಬೇರೆ ಯಾರನ್ನೂ ಜೊತೆಗೆ ಕೊಡಲು ಈಗ ಆಗುವುದಿಲ್ಲ, ಎಲ್ಲರಿಗೂ ಹಂಚಿ ಮುಗಿದಿದೆ. ಮೂರು ತಿಂಗಳು ನೀನೊಬ್ಬಳೇ ಮಾಡಬೇಕು, ಆಗುತ್ತದಾ ಎಂದು ಕೇಳಿದರು.

ಹಿಂದಕ್ಕೆ ಪಡೆಯುವ ಮೊದಲೇ ಕೇಳಿದ್ದರೆ ಆ ಇಬ್ಬರನ್ನು ಕೊಡುತ್ತಿದ್ದರು ಎಂದು ನನಗೆ ಗೊತ್ತಿತ್ತು. ಆಗುತ್ತದೆ ಅಂದೆ. ಅವರ ಹೆಸರು ಹಿಡಿದು ಅಂದೆ, ಹೇಗೆ ಬಂತೋ ಬಾಯಿಗೆ.

ಒಬ್ಬೊಬ್ಬರಾಗಿ ಹೋದರು. ಕೆಳಗೆ ಗಿರಣಿಯ ಪಟ್ಟಿ ತಿರುಗಲು ಶುರುವಾಯಿತು. ಅಮ್ಮನಿಗೆ ಫೋನ್ ಮಾಡಿದೆ, ಮೂರನೆಯ ಸಲಕ್ಕೆ ಸಿಕ್ಕರು. ಕೇಳಿದೆ, ಕೊಟ್ಟರು ಎಂದೆ. ನಗಾಡಿದ್ರಾ ಎಂದು ಕೇಳಿದರು. ಸ್ವಲ್ಪ ಎಂದೆ. ಯಾರೆಲ್ಲ ಉಂಟು ಅದರಲ್ಲಿ ಎಂದರು. ನಾನೊಬ್ಬಳೇ ಎಂದೆ.

"ಒಬ್ಬಳೇ ಆದ್ರೆ ಜಗಳ ಇಲ್ಲ," ಅಂದರು ಅಮ್ಮ. "ಊಟ ಆಯ್ತಾ?"

ಆಗಿಲ್ಲ, ಮಾಡುತ್ತೇನೆ ಎಂದೆ. ಫೋನಿಟ್ಟು ಹತ್ತು ಪುಟವನ್ನು ತೆರೆದೆ. ಹಿಂದಕ್ಕೆ ಪಡೆಯಲಾಗಿದೆ ಎಂಬುದನ್ನು ಅಳಿಸಿದೆ. ಕೆಲಸ ಮಾಡುವವರು ಯಾರು ಎಂದು ಬರೆಯುವ ಕಡೆ ಮೂರು ಸಾಲು ಖಾಲಿ ಇರುತ್ತದೆ. ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ. ಉಳಿದ ಎರಡನ್ನು ಹಾಗೆಯೇ ಬಿಟ್ಟು, ಕೆಲಸ ಶುರುಮಾಡಿದೆ.